ಓದುಗರ ಪ್ರಶ್ನೋತ್ತರ: ಬೆಳಗಿನ ಮೇಲ್‌ನಲ್ಲಿ ಸರ್ವರ್‌ನ ಹಾಜರಿ

(ಆಜ್ಞೆಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡದಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದ್ದೇವೆ. ಅಲ್ಪವಿರಾಮದ ಆಚೀಚೆ ಜಾಗ ಬಿಡಬೇಡಿ.)

ಪ್ರಶ್ನೆ: ನಮ್ಮ ಸಹಕಾರಿ ಸಂಘದಲ್ಲಿ ಒಂದು ಉಬುಂಟು ಸರ್ವರ್ ಇದೆ. ಅಡಿಕೆ ಖರೀದಿಯ ಬಿಲ್ಲು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಲ್ಲ ಅದರಲ್ಲೇ. ಯಾವ ಯಾವ ಪ್ರೊಸೆಸ್ ಓಡುತ್ತಿದೆ ಎಂಬ ಪಟ್ಟಿ ದಿನಾ ಬೆಳಿಗ್ಗೆ 7ಕ್ಕೆ ಮೇಲ್‌ಗೆ ಬರಬೇಕು. ಶೆಲ್ ಸ್ಕ್ರಿಪ್ಟ್ ಹೇಗೆ ಬರೆಯುವುದು? — ಬದಿಯಡ್ಕದ ಓದುಗರು

ಪ್ರೊಸೆಸ್‌ಗಳ ಪಟ್ಟಿ ಕೊಡುವ ಆಜ್ಞೆ ಪಿಎಸ್. ‘ಪಿಎಸ್ ಎಯುಎಕ್ಸ್’ ಹಾಕಿ ಬಂದದ್ದನ್ನೆಲ್ಲ ಮೇಲ್‌ಗೆ ತಳ್ಳಬೇಡಿ. ನೂರಾರು ಸಾಲು ಬರುತ್ತದೆ, ಅದರಲ್ಲಿ ಬಹುಪಾಲು ಚೌಕ ಆವರಣದೊಳಗಿನ ಕರ್ನಲ್ ಥ್ರೆಡ್‌ಗಳು, ಅಂದರೆ ಲಿನಕ್ಸ್‌ನ ಒಳಗಿನ ಕೆಲಸಗಳು. ನಾಲ್ಕನೇ ದಿನಕ್ಕೆ ಆ ಮೇಲ್ ತೆರೆಯುವವರೇ ಇರುವುದಿಲ್ಲ. ಬೇಕಾದ ಅಂಕಣಗಳನ್ನಷ್ಟೇ ಕೇಳಿ:

ಪಿಎಸ್ -ಇಒ ಪಿಐಡಿ,ಯೂಸರ್:20,ಸ್ಟ್ಯಾಟ್,ಇಟೈಮ್,ಪಿಸಿಪಿಯು,ಆರ್‌ಎಸ್‌ಎಸ್,ಕಾಮ್ --ಸಾರ್ಟ್=-ಆರ್‌ಎಸ್‌ಎಸ್ | ಹೆಡ್ -ಎನ್ 16

ತಲೆಬರಹ ಒಂದು ಸಾಲು, ಹೆಚ್ಚು ಮೆಮೊರಿ ಹಿಡಿದ ಪ್ರೊಸೆಸ್‌ಗಳು 15. ಯೂಸರ್ ಮುಂದಿನ 20 ಇಲ್ಲದಿದ್ದರೆ ಎಂಟು ಅಕ್ಷರ ಮೀರಿದ ಹೆಸರು ತುಂಡಾಗುತ್ತದೆ ಅಥವಾ ಬರೀ ಸಂಖ್ಯೆಯಾಗಿ ಬರುತ್ತದೆ. ಇಟೈಮ್ ಎಂದರೆ ಪ್ರೊಸೆಸ್ ಹುಟ್ಟಿ ಎಷ್ಟು ಹೊತ್ತಾಯಿತು ಎಂಬುದು. ನಿನ್ನೆ 41 ದಿನ ಎಂದಿದ್ದ ಪೋಸ್ಟ್‌ಗ್ರೆಸ್ ಇವತ್ತು 3 ಗಂಟೆ ಎಂದರೆ ರಾತ್ರಿ ಅದು ಬಿದ್ದು ಎದ್ದಿದೆ. ಇಡೀ ಪಟ್ಟಿಯಲ್ಲಿ ಮೊದಲು ಕಣ್ಣು ಹಾಯಿಸಬೇಕಾದ ಅಂಕಣ ಇದೇ. ಆರ್‌ಎಸ್‌ಎಸ್ ಎಂದರೆ ಪ್ರೊಸೆಸ್ ಹಿಡಿದಿರುವ ಮೆಮೊರಿ, ಲೆಕ್ಕ ಕಿಲೋಬೈಟ್‌ನಲ್ಲಿರುತ್ತದೆ: 1048576 ಎಂದರೆ 1 ಜಿಬಿ. ಪೋಸ್ಟ್‌ಗ್ರೆಸ್‌ನ ಸಾಲುಗಳನ್ನೆಲ್ಲ ಕೂಡಿಸಿ ಗಾಬರಿಯಾಗಬೇಡಿ. ಹಂಚಿಕೊಂಡ ಮೆಮೊರಿ ಪ್ರತಿ ಸಾಲಿನಲ್ಲೂ ಮತ್ತೆ ಮತ್ತೆ ಎಣಿಕೆಯಾಗಿರುತ್ತದೆ.

ಇನ್ನು ಮುಖ್ಯ ವಿಷಯ. ಪಿಎಸ್ ಪಟ್ಟಿ ಓಡುತ್ತಿರುವುದನ್ನು ತೋರಿಸುತ್ತದೆ, ನಿಂತುಹೋದದ್ದನ್ನು ತೋರಿಸುವುದಿಲ್ಲ. ನಿಮಗೆ ಬೇಕಾಗಿರುವುದು ನಿಂತದ್ದರ ಸುದ್ದಿ. ಶಾಲೆಯ ಹಾಜರಿಯ ಹಾಗೆ ಹೆಸರು ಹಿಡಿದು ಕೂಗಬೇಕು, ಓಗೊಡದವರನ್ನು ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಪಿಗ್ರೆಪ್ ಇದೆ. ‘ಪಿಗ್ರೆಪ್ -ಎಕ್ಸ್ ಪೋಸ್ಟ್‌ಗ್ರೆಸ್’ ಎಂದರೆ ಆ ಹೆಸರಿನ ಪ್ರೊಸೆಸ್ ಇದ್ದರೆ 0, ಇಲ್ಲದಿದ್ದರೆ 1 ಹಿಂದಿರುಗಿಸುತ್ತದೆ. ಸ್ಕ್ರಿಪ್ಟ್‌ನಲ್ಲಿ ಒಂದು ಫಾರ್ ಲೂಪ್ ಹಾಕಿ ಪೋಸ್ಟ್‌ಗ್ರೆಸ್, ಎನ್‌ಜಿನ್ಎಕ್ಸ್ (ವೆಬ್ ಸರ್ವರ್), ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ), ನಿಮ್ಮ ಬಿಲ್ಲಿಂಗ್ ಪ್ರೋಗ್ರಾಂ ಹೀಗೆ ಒಂದೊಂದನ್ನೂ ಕೂಗಿಸಿ. 1 ಬಂದ ಹೆಸರನ್ನು ಒಂದು ವೇರಿಯಬಲ್‌ಗೆ ಸೇರಿಸುತ್ತ ಹೋಗಿ. ಕೊನೆಗೆ ಅದು ಖಾಲಿಯಿದ್ದರೆ ಮೇಲ್‌ನ ವಿಷಯ ‘ಎಲ್ಲ ಹಾಜರ್’, ಇಲ್ಲದಿದ್ದರೆ ‘ಗೈರು:’ ಎಂದು ಹಾಕಿ ಆ ಹೆಸರುಗಳು. ಹೋಸ್ಟ್‌ನೇಮ್, ತಾರೀಖು, ಗಂಟೆಯೂ ವಿಷಯದಲ್ಲೇ ಇರಲಿ. ಮೇಲ್ ತೆರೆಯದೆಯೇ ಮೊಬೈಲ್‌ನ ಪರದೆಯ ಮೇಲೆ ಗೊತ್ತಾಗಬೇಕು.

ಇಲ್ಲಿ ಎಡವಿ ಬೀಳಬಹುದಾದ ಎರಡು ಗುಂಡಿಗಳಿವೆ. ಲಿನಕ್ಸ್ ಪ್ರೊಸೆಸ್ ಹೆಸರಿನಲ್ಲಿ 15 ಅಕ್ಷರ ಮಾತ್ರ ಇಟ್ಟುಕೊಳ್ಳುತ್ತದೆ. ಉದ್ದದ ಹೆಸರಿಗೆ -ಎಕ್ಸ್ ಹಾಕಿದರೆ ಇದ್ದದ್ದೂ ಗೈರು ಎಂದೇ ಬರುತ್ತದೆ. ಅಂಥದಕ್ಕೆ -ಎಫ್ ಬಳಸಿ, ಅದು ಪೂರ್ತಿ ಆಜ್ಞಾಸಾಲನ್ನು ನೋಡುತ್ತದೆ. ಎರಡನೆಯದು, ಪೋಸ್ಟ್‌ಗ್ರೆಸ್ ಹಾಜರಿಗೆ ‘ಸಿಸ್ಟಂಸಿಟಿಎಲ್ ಈಸ್-ಆಕ್ಟಿವ್’ ನಂಬಬೇಡಿ. ಉಬುಂಟು, ಡೆಬಿಯನ್‌ಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಸರ್ವಿಸ್ ಬರೀ ಹೊದಿಕೆ. ಒಳಗಿನ ಡೇಟಾಬೇಸ್ ನಿಂತಿದ್ದರೂ ಅದು ‘ಆಕ್ಟಿವ್’ ಎನ್ನುತ್ತದೆ. ‘ಪಿಜಿ_ಈಸ್‌ರೆಡಿ’ ಕೇಳಿ: 0 ಎಂದರೆ ಸಂಪರ್ಕ ಸ್ವೀಕರಿಸುತ್ತಿದೆ, 2 ಎಂದರೆ ಉತ್ತರವೇ ಇಲ್ಲ.

ಹಾಜರಿ, ನಂತರ ‘ಅಪ್‌ಟೈಮ್’, ‘ಫ್ರೀ -ಎಂ’, ‘ಡಿಎಫ್ -ಎಚ್’, ಕೊನೆಗೆ ಮೇಲಿನ ಪಿಎಸ್ ಸಾಲು. ಇಷ್ಟನ್ನೂ ಹೂವಿನ ಆವರಣದೊಳಗೆ ಇಟ್ಟು ಒಟ್ಟಿಗೆ ‘ಎಸ್-ನೇಲ್ -ಎಸ್ "ವಿಷಯ" ವಿಳಾಸ’ಕ್ಕೆ ಪೈಪ್ ಮಾಡಿ (ಎಸ್-ನೇಲ್ ಎಂದರೆ ಆಜ್ಞಾಸಾಲಿನಿಂದ ಮೇಲ್ ಬರೆಯುವ ಪ್ರೋಗ್ರಾಂ). ತೆರೆಯುವ ಆವರಣದ ನಂತರ ಒಂದು ಜಾಗ, ಮುಚ್ಚುವ ಆವರಣಕ್ಕೆ ಮೊದಲು ಅರ್ಧವಿರಾಮ ಅಥವಾ ಹೊಸ ಸಾಲು ಬೇಕೇ ಬೇಕು.

ಮೇಲ್ ಹೊರಗೆ ಹೋಗಲು ಪೋಸ್ಟ್‌ಫಿಕ್ಸ್ ಹಾಕಿ. ಅದೇ ಕೆಲಸದ ಎಂಎಸ್ಎಂಟಿಪಿ ಚಿಕ್ಕದು, ಸುಲಭ, ಆದರೆ ತಾನಾಗಿ ಮೇಲನ್ನು ಸಾಲಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಕ್ಷಣ ನೆಟ್ ಇಲ್ಲದಿದ್ದರೆ ಮೇಲ್ ಕಳೆದುಹೋದಂತೆಯೇ. ಪೋಸ್ಟ್‌ಫಿಕ್ಸ್ ಹಿಡಿದಿಟ್ಟುಕೊಂಡು 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮಳೆಗಾಲದಲ್ಲಿ ಲೈನ್ ಹೋಗಿ ಬರುವ ನಮ್ಮ ಕಡೆಗೆ ಇದೇ ತಕ್ಕದ್ದು. ಅದರ ಸಂರಚನಾ ಫೈಲಿನ ‘ರಿಲೇಹೋಸ್ಟ್’ ಸಾಲಿನಲ್ಲಿ ಮೇಲ್ ಸೇವೆಯ ಹೆಸರನ್ನು ಚೌಕ ಆವರಣದಲ್ಲಿಟ್ಟು :587 ಸೇರಿಸಿ. ಪೋರ್ಟ್ 25 ಅನೇಕ ಕಡೆ ಮುಚ್ಚಿರುತ್ತದೆ. ಜಿಮೇಲ್ ಆದರೆ ಎರಡು ಹಂತದ ಪರಿಶೀಲನೆ ಹಚ್ಚಿ, 16 ಅಕ್ಷರದ ಆಪ್ ಪಾಸ್‌ವರ್ಡ್ ಪಡೆಯಿರಿ. ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಎಲ್ಲ ಸರಿಯಿದ್ದೂ ಲಾಗ್‌ನಲ್ಲಿ ‘ನೋ ಮೆಕ್ಯಾನಿಸಂ ಅವೈಲಬಲ್’ ಎಂದು ಬಂದರೆ ಸಾಮಾನ್ಯ ಕಾರಣ ಇದು: ‘ಎಸ್ಎಂಟಿಪಿ_ಸಾಸ್ಲ್_ಸೆಕ್ಯುರಿಟಿ_ಆಪ್ಶನ್ಸ್’ ನಾವು ಬದಲಿಸದಿದ್ದರೆ ಸಾದಾ ಪಾಸ್‌ವರ್ಡ್ ಪದ್ಧತಿಯನ್ನು ತಡೆಯುತ್ತದೆ. ಅದಕ್ಕೆ ‘ನೋಅನಾನಿಮಸ್’ ಎಂದಷ್ಟೇ ಬೆಲೆ ಕೊಡಿ, ಟಿಎಲ್ಎಸ್ (ಸಂಪರ್ಕದ ಗೂಢಲಿಪಿ) ಕಡ್ಡಾಯ ಮಾಡಿ.

ಪ್ರಶ್ನೆ: ಕೈಯಿಂದ ಓಡಿಸಿದರೆ ಮೇಲ್ ಬರುತ್ತದೆ, ಕ್ರಾನ್‌ಗೆ ಹಾಕಿದರೆ ಬರುವುದಿಲ್ಲ. ಒಂದೊಂದು ದಿನ ಮಧ್ಯಾಹ್ನ ಹನ್ನೆರಡೂವರೆಗೆ ಬಂದದ್ದೂ ಉಂಟು. ಸರ್ವರ್ ಕ್ಲೌಡ್‌ನಲ್ಲಿದೆ. — ಹೊಸೂರಿನ ಓದುಗರು

ಹನ್ನೆರಡೂವರೆ ಎಂದಿರಲ್ಲ, ಅಲ್ಲೇ ಉತ್ತರವಿದೆ. ಸರ್ವರ್‌ನ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದೆ, ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಲ್ಲಿ 7 ಎಂದರೆ ಹೊಸೂರಿನಲ್ಲಿ 12.30. ನಮ್ಮ ಬೆಳಗಿನ 7ಕ್ಕೆ ಬೇಕಾದರೆ ಕ್ರಾನ್ ಸಾಲು ‘30 1 * * *’ ಎಂದು ಶುರುವಾಗಬೇಕು.

ಬಾರದ ದಿನಗಳಿಗೆ ಮೊದಲು ಶೇಕಡಾ ಚಿಹ್ನೆಯನ್ನು ಹುಡುಕಿ. ತಾರೀಖಿಗಾಗಿ ‘ಡೇಟ್ +%ಎಫ್’ ಅನ್ನು (ಎಫ್ ದೊಡ್ಡಕ್ಷರ) ಡಾಲರ್ ಚಿಹ್ನೆಯ ಮುಂದಿನ ಆವರಣದೊಳಗಿಟ್ಟು ಕ್ರಾನ್‌ಟ್ಯಾಬ್ (ಕ್ರಾನ್‌ನ ವೇಳಾಪಟ್ಟಿ) ಸಾಲಿನಲ್ಲೇ ಬರೆದಿದ್ದರೆ, ಕ್ರಾನ್ ಆ % ಅನ್ನು ಸಾಲಿನ ಕೊನೆ ಎಂದು ತಿಳಿಯುತ್ತದೆ, ಮುಂದಿನದನ್ನೆಲ್ಲ ಆಜ್ಞೆಗೆ ಒಳಹರಿವಾಗಿ ಕೊಡುತ್ತದೆ. ಮುಚ್ಚುವ ಆವರಣ ಸಿಗದೆ ಶೆಲ್ ಅಲ್ಲೇ ಕೈಬಿಡುತ್ತದೆ. % ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬಹುದು. ಅದಕ್ಕಿಂತ ಎಲ್ಲವನ್ನೂ ಸ್ಕ್ರಿಪ್ಟ್ ಒಳಗಿಟ್ಟು, ಕ್ರಾನ್‌ನಲ್ಲಿ ಸ್ಕ್ರಿಪ್ಟ್‌ನ ಪೂರ್ತಿ ದಾರಿ ಮಾತ್ರ ಬರೆಯುವುದು ಒಳ್ಳೆಯದು. ಎರಡನೆಯ ಸಂಶಯ ಪಾತ್ (ಪೂರ್ತಿ ದೊಡ್ಡಕ್ಷರ), ಅಂದರೆ ಆಜ್ಞೆಗಳನ್ನು ಹುಡುಕುವ ಹಾದಿಗಳ ಪಟ್ಟಿ. ನಿಮ್ಮ ಟರ್ಮಿನಲ್‌ಗೆ ಗೊತ್ತಿರುವ ಹಾದಿಗಳು ಕ್ರಾನ್‌ಗೆ ಗೊತ್ತಿಲ್ಲ; ಸೆಂಡ್‌ಮೇಲ್ ಇರುವ /ಯುಎಸ್ಆರ್/ಎಸ್‌ಬಿನ್ ಸಾಮಾನ್ಯವಾಗಿ ಅದರ ಪಟ್ಟಿಯಲ್ಲಿರುವುದಿಲ್ಲ. ಸ್ಕ್ರಿಪ್ಟ್‌ನ ಎರಡನೇ ಸಾಲಿನಲ್ಲೇ ಪಾತ್ ಘೋಷಿಸಿಬಿಡಿ. ಸ್ಕ್ರಿಪ್ಟನ್ನು ಕ್ರಾನ್.ಡೈಲಿ ಕಡತಕೋಶದಲ್ಲಿ ಇಟ್ಟಿದ್ದರೆ ಹೆಸರಿನ ಕೊನೆಯ ‘.ಎಸ್ಎಚ್’ ತೆಗೆಯಿರಿ. ಉಬುಂಟುವಿನಲ್ಲಿ ಚುಕ್ಕಿಯಿರುವ ಹೆಸರನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ತೂಕದ ಪ್ರೋಗ್ರಾಂ ಹಂಗಾಮಿನಲ್ಲಿ ಒದ್ದಾಡುತ್ತದೆ, ಟಾಪ್‌ನಲ್ಲಿ ನೋಡಿದರೆ ಸಿಪಿಯು 98. ಅದೇ ಹೊತ್ತಿನ ಮೇಲ್‌ನಲ್ಲಿ 0.3. ಯಾವುದು ನಿಜ? — ಅಕ್ಕಲಕೋಟೆಯ ಓದುಗರು

ಎರಡೂ ನಿಜ, ಅಳತೆ ಬೇರೆ. ಪಿಎಸ್ ಕೊಡುವುದು ಪ್ರೊಸೆಸ್ ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಸರಾಸರಿ. 30 ದಿನ ಸುಮ್ಮನಿದ್ದು ಈಗ ಒಂದು ಗಂಟೆ ಪೂರ್ತಿ ದುಡಿದರೆ 720 ಗಂಟೆಯಲ್ಲಿ 1 ಗಂಟೆ, ಅಂದರೆ 0.1 ಎಂದೇ ತೋರಿಸುತ್ತದೆ. ಈ ಕ್ಷಣದ ಲೆಕ್ಕಕ್ಕೆ ‘ಟಾಪ್ -ಬಿ -ಎನ್ 2 -ಡಿ 5’ ಬಳಸಿ. ಎರಡು ಸಲ ಅಳೆಯಲು ಕಾರಣವಿದೆ: ಮೊದಲ ಸುತ್ತಿಗೆ ಹೋಲಿಸಲು ಹಿಂದಿನ ಅಳತೆ ಇರುವುದಿಲ್ಲ, 5 ಸೆಕೆಂಡಿನ ನಂತರದ ಎರಡನೆಯದೇ ನಂಬುವಂಥದು. ‘ಟಾಪ್ -’ ಎಂದು ಶುರುವಾಗುವ ಸಾಲು ಎರಡನೇ ಬಾರಿ ಬಂದಲ್ಲಿಂದ ಮುಂದಿನದನ್ನು ‘ಆಕ್’ ಎಂಬ ಆಜ್ಞೆಯಿಂದ ಆಯ್ದು, ಹೆಡ್‌ನಿಂದ 22 ಸಾಲು ತೆಗೆದುಕೊಳ್ಳಿ. ಮೇಲಿನ 7 ತಲೆಸಾಲು, ಉಳಿದ 15 ಪ್ರೊಸೆಸ್.

ಒದ್ದಾಡುವ ಹೊತ್ತಿನಲ್ಲಿ ಪ್ರೊಸೆಸ್‌ನ ಸ್ಥಿತಿ ಹೇಳುವ ಸ್ಟ್ಯಾಟ್ ಅಂಕಣವನ್ನೂ ನೋಡಿ. ಅಲ್ಲಿ ಡಿ ಎಂದೇ ನಿಂತಿದ್ದರೆ ಅದು ಸಿಪಿಯುವಿನ ತೊಂದರೆಯಲ್ಲ, ಪ್ರೊಸೆಸ್ ಡಿಸ್ಕ್‌ಗೋ ನೆಟ್‌ವರ್ಕ್ ಡಿಸ್ಕ್‌ಗೋ ಕಾಯುತ್ತಿದೆ.

ಪ್ರಶ್ನೆ: ಪಟ್ಟಿಯಲ್ಲಿ ಪೂರ್ತಿ ಆಜ್ಞಾಸಾಲು ಕಾಣಲಿ ಎಂದು ‘ಆರ್ಗ್ಸ್’ ಹಾಕಬಹುದೇ? — ಮಡಕಶಿರಾದ ಓದುಗರು

ಬೇಡ. ಜಾವಾ ಪ್ರೋಗ್ರಾಂಗೆ ಆಜ್ಞಾಸಾಲಿನಲ್ಲೇ ಪಾಸ್‌ವರ್ಡ್ ಕೊಡುವವರು ಬಹಳ ಮಂದಿ. ಅದು ಹಾಗೆಹಾಗೇ ಮೇಲ್‌ಗೆ ಬಂದು ಎಲ್ಲರ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತದೆ. ಪ್ರೋಗ್ರಾಂ ಹೆಸರಷ್ಟೇ ತೋರಿಸುವ ‘ಕಾಮ್’ ಸಾಕು. ಪಾಸ್‌ವರ್ಡನ್ನು 600 ಅನುಮತಿಯ (ಮಾಲೀಕರಷ್ಟೇ ಓದಿ ಬರೆಯಬಹುದಾದ) ಫೈಲಿಗೆ ಸಾಗಿಸಿ. ಪೋಸ್ಟ್‌ಗ್ರೆಸ್‌ನ .ಪಿಜಿಪಾಸ್ ಫೈಲಿಗೆ ಅನುಮತಿ ಸಡಿಲವಿದ್ದರೆ ಅದು ಆ ಫೈಲನ್ನು ಓದುವುದೇ ಇಲ್ಲ.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಕರೆಂಟು ಇಲ್ಲದಿದ್ದರೆ ಆ ದಿನದ ಮೇಲ್ ಇಲ್ಲ. ಜೊತೆಗೆ, ಕನ್ನಡದಲ್ಲಿ ಬರೆದ ವಿಷಯ ಬರೀ ಪ್ರಶ್ನೆಚಿಹ್ನೆಗಳಾಗಿ ಬರುತ್ತದೆ. — ಕುಂಬಳೆಯ ಓದುಗರು

ಪ್ರಶ್ನೆಚಿಹ್ನೆಗೆ ಕಾರಣ ಕ್ರಾನ್‌ನ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್. ಸ್ಕ್ರಿಪ್ಟ್‌ನ ಮೇಲ್ಗಡೆ ‘ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ.ಯುಟಿಎಫ್-8’ ಹಾಕಿ, ಎಕ್ಸ್‌ಪೋರ್ಟ್ ಒಂದನ್ನು ಬಿಟ್ಟು ಉಳಿದದ್ದು ದೊಡ್ಡಕ್ಷರ. ಎಸ್-ನೇಲ್ ಆಗ ಕನ್ನಡವನ್ನು ಸರಿಯಾಗಿ ಕಟ್ಟಿ ಕಳಿಸುತ್ತದೆ.

ಕರೆಂಟಿನದಕ್ಕೆ ಕ್ರಾನ್ ಬಿಟ್ಟು ಉಬುಂಟುವಿನಲ್ಲೇ ಇರುವ ಸಿಸ್ಟಂಡಿ ಟೈಮರ್‌ಗೆ ಬನ್ನಿ. ಕ್ರಾನ್ ತಪ್ಪಿದ ಸರದಿಯನ್ನು ಮರೆತುಬಿಡುತ್ತದೆ. ಟೈಮರ್‌ನಲ್ಲಿ ‘ಆನ್‌ಕ್ಯಾಲೆಂಡರ್’ ಜೊತೆ ‘ಪರ್ಸಿಸ್ಟೆಂಟ್=ಟ್ರೂ’ (ಆನ್, ಕ್ಯಾಲೆಂಡರ್, ಪರ್ಸಿಸ್ಟೆಂಟ್ ಮೂರರ ಮೊದಲಕ್ಷರ ದೊಡ್ಡಕ್ಷರ) ಇದ್ದರೆ ಯಂತ್ರ ಎದ್ದ ಕೂಡಲೇ ಬಾಕಿ ಓಟ ಮುಗಿಸುತ್ತದೆ. ಆದರೂ ಯಂತ್ರ ಏಳದೇ ಇದ್ದರೆ ಹೇಳುವವರು ಯಾರು? ಅದಕ್ಕೆ ಎರಡನೆಯ ಯಂತ್ರ ಬೇಕು. ಸ್ಕ್ರಿಪ್ಟ್‌ನ ಕೊನೆಯ ಸಾಲು ಎಸ್‌ಎಸ್‌ಎಚ್ ಮೂಲಕ ಆ ಯಂತ್ರದ ಒಂದು ಫೈಲನ್ನು ‘ಟಚ್’ ಮಾಡಲಿ, ಅಂದರೆ ಅದರ ಸಮಯವನ್ನು ಹೊಸದಾಗಿಸಲಿ. ಅಲ್ಲಿ 7.30ಕ್ಕೆ ಫೈಂಡ್‌ನ ‘-ಎಂಮಿನ್ -60’ (60 ನಿಮಿಷದೊಳಗೆ ಬದಲಾದದ್ದು) ಹಾಕಿ ಫೈಲ್ ಹೊಸದೇ ಎಂದು ನೋಡಿಸಿ, ಹಳೆಯದಾದರೆ ಅಲ್ಲಿಂದ ಮೇಲ್ ಹೊರಡಲಿ. ಆ ಯಂತ್ರ ಅದೇ ಕಂಬದ ಕರೆಂಟಿನಲ್ಲಿ, ಅದೇ ಮೋಡೆಮ್‌ನ ಹಿಂದೆ ಇರಬಾರದು. ಕಾಸರಗೋಡು ಪೇಟೆಯ ಶಾಖೆಯಲ್ಲೋ ಮಂಗಳೂರಿನಲ್ಲೋ ಇರುವ ಹಳೆಯ ಕಂಪ್ಯೂಟರ್ ಧಾರಾಳ ಸಾಕು.