ಮೊಮ್ಮಗು ನೋಡಲು ಹೊರಟವರ ಇನ್ಸುಲಿನ್

ಪ್ರಶ್ನೆ: ಆರು ವರ್ಷದ ಮೇಲೆ ಅಮೆರಿಕದ ಮಗಳ ಮನೆಗೆ ಬಾಣಂತನಕ್ಕೆ ಹೊರಟಿದ್ದೇವೆ. ಮೊದಲ ಮೊಮ್ಮಗನನ್ನೂ ಇದುವರೆಗೆ ಫೋನಿನಲ್ಲಷ್ಟೇ ನೋಡಿದ್ದು. ನನಗೆ 66 ವರ್ಷ. ದಿನಕ್ಕೆ ಎರಡು ಹೊತ್ತು 30/70 ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಐದು ತಿಂಗಳಿಗಾಗುವಷ್ಟು ಒಯ್ಯುವುದು ಹೇಗೆ? ನಮ್ಮವರು ಸೂಟ್‌ಕೇಸ್‌ಗೆ ಹಾಕೋಣ ಅನ್ನುತ್ತಾರೆ.
– ಓದುಗರೊಬ್ಬರು, ತಿಪಟೂರು

ಉತ್ತರ: ಸೂಟ್‌ಕೇಸ್‌ಗೆ ಚಟ್ನಿಪುಡಿ ತುಂಬಲು ಹೇಳಿ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಸಾಮಾನು ತುಂಬುವ ಕಡೆ ಅದು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕಸದಬುಟ್ಟಿಗೆ. ಐಸ್ ಪ್ಯಾಕ್‌ಗೂ ತಾಗಿಸಬೇಡಿ, ನಡುವೆ ಬಟ್ಟೆ ಸುತ್ತಿ. ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರು ಇರಲಿ. ನಮ್ಮ ಕಂಪನಿ ಇಟ್ಟ ಹೆಸರು ಅಲ್ಲಿಯವರಿಗೆ ಗೊತ್ತಾಗದಿರಬಹುದು.

ಇಷ್ಟನ್ನು ವಾರಕ್ಕೆ ಮೂವರು ಕೇಳುತ್ತಾರೆ. ಸಿರಿಂಜ್ ಬಗ್ಗೆ ಮಾತ್ರ ಒಬ್ಬರೂ ಕೇಳುವುದಿಲ್ಲ. ನನಗೆ ಭಯ ಇರುವುದು ಅಲ್ಲೇ.

ನಮ್ಮಲ್ಲಿ ಇನ್ಸುಲಿನ್ ಬಾಟಲಿ ಹೆಚ್ಚಾಗಿ 40ರದ್ದು, ಅಂದರೆ ಒಂದು ಎಂಎಲ್‌ಗೆ 40 ಯುನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಮೆರಿಕದ ಬಾಟಲಿ ಸಾಮಾನ್ಯವಾಗಿ 100ರದ್ದು, ಸಿರಿಂಜ್‌ಗೆ ಕಿತ್ತಳೆ ಮುಚ್ಚಳ. ಇಲ್ಲಿಂದ ಒಯ್ದದ್ದು ಮುಗಿಯಿತು, ಮಗಳು ಅಲ್ಲಿನ ಬಾಟಲಿ ತಂದಳು, ನೀವು ಹಳೆಯ ಕೆಂಪು ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದಿರಿ ಅನ್ನಿ. ಒಳಗೆ ಹೋಗುವುದು 20 ಅಲ್ಲ, 50 ಯುನಿಟ್. ಇಲ್ಲಿನ ಬಾಟಲಿಯಿಂದ ಅಲ್ಲಿನ ಸಿರಿಂಜ್‌ಗೆ ಎಳೆದರೆ 20ರ ಗೆರೆಗೆ ಬರುವುದು ಬರೀ 8. ಎರಡು ದೇಶದ ಸಾಮಾನನ್ನು ಎಂದೂ ಬೆರೆಸಬೇಡಿ. ಹೊರಡುವ ಎರಡು ತಿಂಗಳ ಮೊದಲೇ ಇನ್ಸುಲಿನ್ ಪೆನ್‌ಗೆ (ಪೆನ್ನಿನಂತಿರುವ ಚುಚ್ಚುವ ಸಾಧನ) ಬದಲಾಗುವುದು ಇನ್ನೂ ಒಳ್ಳೆಯದು. ಅದರ ಕಾರ್ಟ್ರಿಜ್ ನಮ್ಮಲ್ಲೂ 100ರದ್ದೇ. ಹೆಸರಿನಲ್ಲೂ ಒಂದು ತಿರುವಿದೆ. ಬೇಗ ಕೆಲಸ ಮಾಡುವ ಇನ್ಸುಲಿನ್ 30 ಪಾಲು, ನಿಧಾನದ್ದು 70 ಪಾಲು ಬೆರೆತದ್ದನ್ನು ನಾವು 30/70 ಅನ್ನುತ್ತೇವೆ, ಅದನ್ನೇ ಅಲ್ಲಿ 70/30 ಎಂದು ಬರೆಯುತ್ತಾರೆ. ತಪ್ಪು ಔಷಧ ಕೊಟ್ಟರೆಂದು ಗಾಬರಿಯಾಗಬೇಡಿ. 75/25 ಅಥವಾ 50/50 ಕೈಗಿಟ್ಟರೆ ಮಾತ್ರ ಅಂಗಡಿಯಲ್ಲೇ ನಿಲ್ಲಿ.

ವಿಮಾನದಲ್ಲಿ ಗಡಿಯಾರ ನೋಡಿ ಚುಚ್ಚಿಕೊಳ್ಳಬೇಡಿ. ಪಶ್ಚಿಮಕ್ಕೆ ಹೋಗುವಾಗ ನಿಮ್ಮ ದಿನವೇ ಹತ್ತು-ಹನ್ನೆರಡು ತಾಸು ಉದ್ದವಾಗುತ್ತದೆ. ಯಾವ ಹೊತ್ತಿಗೆ ಎಷ್ಟು ಎಂದು ನಿಮ್ಮ ವೈದ್ಯರಿಂದ ಬರೆಸಿಕೊಂಡೇ ಹೊರಡಿ. ಊಟದ ತಟ್ಟೆ ಕಣ್ಣೆದುರು ಬಂದ ಮೇಲಷ್ಟೇ ಸೂಜಿ. ನಾನು ಈ ವಿಷಯದಲ್ಲಿ ಪುಕ್ಕಲ. ಪ್ರಯಾಣದ ದಿನ ಶುಗರ್ 200 ದಾಟಿದರೆ ಬೈಯುವುದಿಲ್ಲ. 50ಕ್ಕೆ ಇಳಿಸಿಕೊಂಡರೆ ಬೈಯಲು ನೀವು ಎಚ್ಚರವಿರಬೇಕಲ್ಲ! ಸೀಟಿನ ಕೈಗೆಟಕುವಲ್ಲಿ ಸಕ್ಕರೆ ಇರಲಿ, ಮೇಲಿನ ಚೀಲದಲ್ಲಲ್ಲ.

“ಈ ಪುಡಿ ತಿಂದರೆ ಇನ್ಸುಲಿನ್ ಹೊರುವ ತಾಪತ್ರಯವೇ ಇಲ್ಲ” ಎಂದ ಮಹಾಶಯರ ವಿಳಾಸವನ್ನೂ ಬರೆದಿದ್ದೀರಿ. ಅದನ್ನು ಹರಿದುಹಾಕಿದ್ದೇನೆ. ಇಂಥ ಕೆಲವು ಪುಡಿಗಳಲ್ಲಿ ಸೀಸ ಸಿಕ್ಕಿದ್ದುಂಟು.

ಪ್ರಶ್ನೆ: ಹುಟ್ಟಿದ ಮಗುವಿಗೆ ಜೇನು ನೆಕ್ಕಿಸಬಹುದೇ? ಊರಿನ ಜೇನು, ಶುದ್ಧ.

ಉತ್ತರ: ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ, ಜೇನಿನಿಂದ ಕೂಸುಗಳಿಗೆ ಬರಬಹುದಾದ ಬಾಟುಲಿಸಂ ಎಂಬ ಅಪಾಯದ ಕಾಯಿಲೆಗೆ ಊರಿನ ಜೇನು, ಅಂಗಡಿಯ ಜೇನು ಎಂಬ ಭೇದವಿಲ್ಲ.

ಪ್ರಶ್ನೆ: ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡು ಬನ್ನಿ ಎನ್ನುತ್ತಾಳೆ ಸೊಸೆ. ಈ ವಯಸ್ಸಿನಲ್ಲಿ ನಮಗ್ಯಾಕೆ?

ಉತ್ತರ: ನಿಮಗಾಗಿ ಅಲ್ಲ, ನಿಮ್ಮಿಂದ ಮಗುವಿಗೆ ಅಂಟದಿರಲಿ ಎಂದು. ಸೊಸೆ ಹೇಳಿದ್ದು ಸರಿ. ಮಗುವನ್ನು ಎತ್ತಿಕೊಳ್ಳುವ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳಿ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗಳು ನನ್ನ ಕಂಡರೆ ಕಿರುಚುತ್ತಾಳೆ. ದೃಷ್ಟಿಯಾಗಿರಬಹುದೇ?

ಉತ್ತರ: ಅವಳಿಗೆ ನೀವು ಹೊಸಬರು, ಅಷ್ಟೇ. “ಅಜ್ಜಿ ಹತ್ರ ಹೋಗು” ಎಂದು ಅವಳನ್ನು ತಳ್ಳುವವರನ್ನು ಸುಮ್ಮನಿರಿಸಿ. ಒಂದು ವಾರ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿರಿ, ಅವಳೇ ಬರುತ್ತಾಳೆ. ಬಂದಾಗ ಕಾಳು ಅವಳ ಬಾಯಿಗೆ, ಮೂಗಿಗೆ ಹೋಗದಂತೆ ನೋಡಿಕೊಳ್ಳಿ.