ಅಂಕ ಯಾರಿಗೆ ಸಲ್ಲಬೇಕು?

ಪ್ರಶ್ನೆ: ವಿಜಯಪುರದಲ್ಲಿ ನಾವು ನಾಲ್ವರು ಗೆಳೆಯರು ದಿನಾಲೂ ಸಂಜೆ ಚಹಾದಂಗಡಿಯಲ್ಲಿ ಕುಳಿತು ಸಾಮಾನ್ಯಜ್ಞಾನ ಹಾಗೂ ಸಿನಿಮಾ ಪ್ರಶ್ನೆಗಳಲ್ಲಿ ಒಬ್ಬರಿಗೊಬ್ಬರು ಸವಾಲು ಹಾಕುತ್ತೇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಎಂದು ಒಬ್ಬ, ‘ಭಕ್ತ ಧ್ರುವ’ ಎಂದು ಇನ್ನೊಬ್ಬ ಹಟ ಹಿಡಿದಿದ್ದಾರೆ. ಗೋಲಗುಮ್ಮಟ ಜಗತ್ತಿನ ಎರಡನೇ ದೊಡ್ಡ ಗುಮ್ಮಟ ಹೌದೇ ಎಂಬುದರಲ್ಲೂ ಜಗಳವಿದೆ. ಅಂಕ ಯಾರಿಗೆ ಕೊಡಬೇಕು?

ಉತ್ತರ: ‘ಭಕ್ತ ಧ್ರುವ’ ಮೊದಲು ತಯಾರಾದರೂ, 1934ರಲ್ಲಿ ಮೊದಲು ತೆರೆಕಂಡದ್ದು ‘ಸತಿ ಸುಲೋಚನಾ’, ಆದ್ದರಿಂದ ಪ್ರಶ್ನೆಯಲ್ಲಿ ‘ಬಿಡುಗಡೆಯಾದ’ ಎಂಬ ಮಾತಿಲ್ಲದಿದ್ದರೆ ಇಬ್ಬರಿಗೂ ಅಂಕ ಕೊಡುವುದೇ ನ್ಯಾಯ. ಗುಮ್ಮಟದ ವಿಷಯದಲ್ಲಿ ಮಾತ್ರ ನಮ್ಮೂರಿನ ಅಭಿಮಾನವನ್ನು ಕೊಂಚ ಬದಿಗಿಡಬೇಕು. ನಾವೆಲ್ಲ ಹೇಳುವ 44 ಮೀಟರು ಗುಮ್ಮಟದ ಹೊರಗಿನ ವ್ಯಾಸ. ಒಳಗಿನದು ಸುಮಾರು 38 ಮೀಟರು. ರೋಮಿನ ಪ್ಯಾಂಥಿಯನ್‌ನ ಒಳವ್ಯಾಸವೇ 43 ಮೀಟರಿಗಿಂತ ಹೆಚ್ಚಿದೆ, ಇಂದಿನ ಕ್ರೀಡಾಂಗಣಗಳ ಗುಮ್ಮಟಗಳಂತೂ ಇವೆರಡನ್ನೂ ಎಷ್ಟೋ ಮೀರಿವೆ. ಆದರೂ ನಡುವೆ ಒಂದು ಕಂಬವೂ ಇಲ್ಲದೆ, ಒಂದನ್ನೊಂದು ಹಾಯುವ ಕಮಾನುಗಳು ಅಷ್ಟು ಭಾರವನ್ನು ಗೋಡೆಗಳಿಗೆ ದಾಟಿಸುವ ಆ ಬಗೆ ನಿಜಕ್ಕೂ ಅದ್ಭುತ. ನಾಳೆ ಸಂಜೆ ಅದನ್ನೇ ಪ್ರಶ್ನೆಯಾಗಿ ಕೇಳಿರಿ.