ಆ ಕರಪತ್ರವನ್ನು ನಾನೂ ಒಮ್ಮೆ ಬರೆದಿದ್ದೆ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ನೋನಿ ಹಣ್ಣಿನ ಗಿಡಗಳಿವೆ, ಮನೆಯಲ್ಲೇ ಜ್ಯೂಸ್ ಮಾಡ್ತೀರಿ, ಅದನ್ನು ಶುಗರ್, ಬಿಪಿ, ಮಂಡಿನೋವಿಗೆ ನೈಸರ್ಗಿಕ ಔಷಧ ಅಂತ ಮಾರಬೇಕು, ಕರಪತ್ರ ಅಚ್ಚಿಗೆ ಕೊಡುವ ಮೊದಲು ಅನುಭವ ಇದ್ದವರು ಹೇಳಿ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ನಾನೂ ಇಲ್ಲೇ ನಿಂತಿದ್ದೆ.

ಜ್ಯೂಸ್ ಮಾಡೋದರಲ್ಲಿ ನಾನು ಎಲ್ಲೂ ಎಡವಲಿಲ್ಲ. ಇದನ್ನು ಮೊದಲೇ ಹೇಳ್ತೀನಿ. ಯಾಕಂದ್ರೆ ಮುಂದಿನ ಕಥೆ ಕೇಳಿದವರೆಲ್ಲ ಬಾಟಲಿ ಕೊಳಕಿತ್ತೇನೋ, ರಸ ಹುಳಿತು ಹೋಗಿತ್ತೇನೋ ಅಂತಲೇ ಕೇಳುತ್ತಾರೆ. ಹಾಗೇನೂ ಇರಲಿಲ್ಲ. ಹಣ್ಣು ಹಸಿರು ಬಿಟ್ಟು ಬೆಳ್ಳಗಾದ ಮೇಲೆ ಕೀಳುತ್ತಿದ್ದೆ. ಚೆನ್ನಾಗಿ ತೊಳೆದು, ಮೆತ್ತಗಾಗುವ ತನಕ ಬಿಟ್ಟು, ಗಾಜಿನ ಜಾಡಿಗೆ ತುಂಬಿ ಮುಚ್ಚಿಡುತ್ತಿದ್ದೆ. ಎರಡು ತಿಂಗಳಲ್ಲಿ ರಸ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಣ್ಣಿನ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಸಿಗುತ್ತದೆ. ಸೋಸಿ, ಹುಳಿಯ ಮಟ್ಟ ನೋಡಿ, 85 ಡಿಗ್ರಿಗೆ ಬಿಸಿ ಮಾಡಿ, ಬಿಸಿ ಇರುವಾಗಲೇ ಬಾಟಲಿಗೆ ತುಂಬುತ್ತಿದ್ದೆ. ಒಂದು ಬಾಟಲಿಯೂ ಕೆಟ್ಟು ವಾಪಸ್ ಬರಲಿಲ್ಲ.

ಕಷ್ಟ ಇದ್ದದ್ದು ವಾಸನೆಯಲ್ಲಿ. ನಿಮಗೂ ಗೊತ್ತಿರುತ್ತದೆ. ಹಳೇ ಚೀಸಿನ ಹಾಗೆ ಮೂಗಿಗೆ ಹೊಡೆಯುತ್ತದೆ. ಅದಕ್ಕೆ ಕಾರಣ ಕ್ಯಾಪ್ರಿಲಿಕ್, ಕ್ಯಾಪ್ರೋಯಿಕ್ ಅನ್ನುವ ಆಮ್ಲಗಳು. ಲ್ಯಾಟಿನ್ ಭಾಷೆಯಲ್ಲಿ ಮೇಕೆಗೆ ಇರುವ ಪದದಿಂದ ಆ ಹೆಸರುಗಳು ಬಂದಿವೆ ಅಂದರೆ ಊಹಿಸಿಕೊಳ್ಳಿ. ರುಚಿಗೋಸ್ಕರ ಯಾರೂ ಎರಡನೇ ಬಾಟಲಿ ಕೇಳುವುದಿಲ್ಲ. ಆದರೆ ಬಾಯಿಗೆ ಸೇರದ ವಸ್ತು ಮೈಗೆ ಒಳ್ಳೆಯದಿರಬೇಕು ಅಂತ ಜನ ತಾವೇ ನಂಬಿಕೊಳ್ಳುತ್ತಾರೆ. ಆ ನಂಬಿಕೆಯನ್ನು ನಾನು ಬಳಸಿಕೊಂಡೆ.

ಆಗ ನನ್ನ ಕೈಗೆ ಸಿಕ್ಕಿದ್ದು ಝೆರೋನಿನ್ ಕಥೆ. ರಾಲ್ಫ್ ಹೈನಿಕೆ ಅನ್ನುವ ಸಂಶೋಧಕರು 1985ರಲ್ಲಿ ನೋನಿಯ ಶಕ್ತಿಗೆ ಝೆರೋನಿನ್ ಅನ್ನುವ ವಸ್ತು ಕಾರಣ ಅಂತ ಬರೆದಿದ್ದರು. ಓದಿ ನನಗೆ ಖುಷಿಯೋ ಖುಷಿ. ವಿಜ್ಞಾನಿಯೇ ಹೇಳಿದ್ದಾರೆ ಅಂದಮೇಲೆ ಇನ್ನೇನು ಬೇಕು ಅನ್ನಿಸಿತು. ಆ ವಸ್ತುವನ್ನು ಬೇರೆ ಯಾರಾದರೂ ಹಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದಾರಾ ಅಂತ ಹುಡುಕಬೇಕು ಅಂತ ಹೊಳೆಯಲೇ ಇಲ್ಲ. ಹಾಗೆ ತೋರಿಸಿದವರು ಇಲ್ಲ. ಐರೋಪ್ಯ ಒಕ್ಕೂಟ 2003ರಲ್ಲಿ ನೋನಿ ಜ್ಯೂಸ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು ಅನ್ನುವುದನ್ನೂ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಆ ಒಪ್ಪಿಗೆಗೆ ಮುಂಚೆ, 2002ರಲ್ಲಿ, ಅವರದೇ ವಿಜ್ಞಾನ ಸಮಿತಿ ಏನು ಹೇಳಿತ್ತು ಅಂತ ಆಮೇಲೆ ಓದಿದೆ. ಬೇರೆ ಹಣ್ಣಿನ ರಸಗಳಿಗಿಂತ ಹೆಚ್ಚಿನ ವಿಶೇಷ ಲಾಭ ನೋನಿಯಿಂದ ಇದೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಅವರು ಬರೆದಿದ್ದರು. ಅಂದರೆ ಅದು ಆಹಾರವಾಗಿ ಕುಡಿಯಬಹುದಾದ ಒಂದು ಜ್ಯೂಸ್. ಅಷ್ಟೇ.

ಇದೆಲ್ಲ ತಪ್ಪೇ. ಆದರೆ ನನಗೆ ಪೆಟ್ಟು ಕೊಟ್ಟದ್ದು ಇದಲ್ಲ. ಒಂದೇ ಒಂದು ಸಾಲು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲ ಕರಪತ್ರದಲ್ಲಿ 'ದಿನಕ್ಕೆ 30 ಮಿಲಿ ಲೀಟರ್' ಅಂತ ಇತ್ತು. ನಾಲ್ಕು ತಿಂಗಳು ಹಾಗೇ ಮಾರಿದೆ. ಒಂದು ಬಾಟಲಿ ಮುಗಿಯೋಕೆ ಒಂದು ತಿಂಗಳ ಹತ್ತಿರ ಬೇಕಾಗುತ್ತಿತ್ತು. ಎರಡನೇ ಸಲ ಅಚ್ಚು ಹಾಕಿಸುವಾಗ ಆ ಅಳತೆಯನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಹೀಗೆ ಬರೆದೆ: 'ಸಂಪೂರ್ಣ ನೈಸರ್ಗಿಕ. ಅಡ್ಡಪರಿಣಾಮ ಇಲ್ಲ. ಯಾರು ಬೇಕಾದರೂ, ಎಷ್ಟು ಬೇಕಾದರೂ ಕುಡಿಯಬಹುದು.' ಯಾಕೆ ಬರೆದೆ ಅಂತ ಮುಚ್ಚಿಡೋದಿಲ್ಲ. ಜಾಸ್ತಿ ಕುಡಿದರೆ ಬಾಟಲಿ ಬೇಗ ಮುಗಿಯುತ್ತದೆ, ಬೇಗ ಇನ್ನೊಂದು ಕೊಳ್ಳುತ್ತಾರೆ. ಆ ಸಾಲು ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ ನಿಜ. ಆದರೆ ನಿಜವೋ ಸುಳ್ಳೋ ಅಂತ ನೋಡಲೂ ಇಲ್ಲ. ಹಣ್ಣು ತಾನೇ, ಹಣ್ಣಿನಿಂದ ಯಾರಿಗೆ ಏನಾಗುತ್ತದೆ ಅಂದುಕೊಂಡೆ. 'ನೈಸರ್ಗಿಕ' ಅನ್ನುವ ಪದದಿಂದ 'ಅಡ್ಡಪರಿಣಾಮ ಇಲ್ಲ' ಅನ್ನುವ ಪದಕ್ಕೆ ಎಷ್ಟು ಸಲೀಸಾಗಿ ದಾಟಿಬಿಟ್ಟೆ! ಹಾಗೆ ದಾಟೋಕೆ ನಡುವೆ ಸೇತುವೆಯೇ ಇಲ್ಲ.

ನಮ್ಮ ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಶುಗರ್ ಹಳೆಯದು. ಅದರಿಂದ ಕಿಡ್ನಿಯೂ ಸೋತಿತ್ತು. ಇದು ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಎಷ್ಟು ಬೇಕಾದರೂ ಅಂತ ಓದಿ ಅವರು ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ಶುರು ಮಾಡಿದ್ದರು. ಮೂರನೇ ವಾರ ಮೈಯೆಲ್ಲ ಸೋತು, ಎದೆಬಡಿತ ತಪ್ಪಿ ಆಸ್ಪತ್ರೆ ಸೇರಿದರು. ರಕ್ತದಲ್ಲಿ ಪೊಟ್ಯಾಶಿಯಂ 6.8 ಇತ್ತು. ಇರಬೇಕಾದದ್ದು 3.5ರಿಂದ 5ರೊಳಗೆ. ಡಾಕ್ಟರು ಊಟ, ಮಾತ್ರೆ ಎಲ್ಲ ವಿಚಾರಿಸಿದ ಮೇಲೆ ಮಗಳು ನಮ್ಮ ಬಾಟಲಿ ತೆಗೆದು ತೋರಿಸಿದ್ದಾರೆ. ಅವತ್ತು ಸಂಜೆ ನನಗೆ ಫೋನ್ ಮಾಡಿದರು. ಬೈಯಲಿಲ್ಲ. 'ಅಕ್ಕಾ, ಈ ಚೀಟಿ ನೀವೇ ಬರೆದದ್ದಾ?' ಅಂತ ಕೇಳಿದರು. ಹೂಂ ಅಂದೆ. 'ಅಪ್ಪ ಇದನ್ನು ಓದಿ ಓದಿ ನಮಗೆಲ್ಲ ಹೇಳ್ತಾ ಇದ್ರು ಅಕ್ಕಾ' ಅಂದರು.

ಮೇಷ್ಟ್ರು ಉಳಿದರು. ಅಲ್ಲಿ ಸಮಯಕ್ಕೆ ಸರಿಯಾಗಿ ನೋಡಿಕೊಂಡರು.

ಆಮೇಲೆ ಓದಿದೆ. ಮೊದಲು ಓದಬೇಕಿದ್ದದ್ದನ್ನು ಆಮೇಲೆ ಓದಿದೆ. ಕಿಡ್ನಿ ಸೋತ ಒಬ್ಬ ರೋಗಿ ನೋನಿ ಜ್ಯೂಸ್ ಕುಡಿದು ಹೀಗೇ ಪೊಟ್ಯಾಶಿಯಂ ಏರಿಸಿಕೊಂಡ ವರದಿ 2000ರಲ್ಲೇ ಅಮೆರಿಕದ ಒಂದು ಕಿಡ್ನಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಆ ಜ್ಯೂಸನ್ನು ಪರೀಕ್ಷೆ ಮಾಡಿದಾಗ ಕಂಡ ಪೊಟ್ಯಾಶಿಯಂ ಲೀಟರಿಗೆ ಸುಮಾರು 2,200 ಮಿಲಿಗ್ರಾಂ. ಕಿತ್ತಳೆ, ಟೊಮೆಟೊ ರಸದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಟ್ಟಿ ಕಿಡ್ನಿ ಇದ್ದವರಿಗೆ ಅದು ಲೆಕ್ಕಕ್ಕೇ ಇಲ್ಲ, ಮೂತ್ರದಲ್ಲಿ ಹೋಗಿಬಿಡುತ್ತದೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಈಗ ಲೆಕ್ಕ ಹಾಕಿ. ನಾನು ಮೊದಲು ಬರೆದಿದ್ದ 30 ಮಿಲಿ ಲೀಟರಿನಲ್ಲಿ 66 ಮಿಲಿಗ್ರಾಂ. ಇನ್ನೂರು ಮಿಲಿ ಲೀಟರಿನ ಎರಡು ಲೋಟದಲ್ಲಿ 880. ಪೊಟ್ಯಾಶಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡ ಕಿಡ್ನಿ ರೋಗಿಗೆ ದಿನಕ್ಕೆ 2,000ದ ಆಸುಪಾಸಿನಲ್ಲಿ ಮಿತಿ ಹಾಕುವುದುಂಟು. ಅದರಲ್ಲಿ ಅರ್ಧದ ಹತ್ತಿರ ನನ್ನ ಬಾಟಲಿಯಿಂದಲೇ ಹೋಗುತ್ತಿತ್ತು. ಅಳತೆಯ ಸಾಲನ್ನು ನಾನು ತೆಗೆಯದೇ ಇದ್ದಿದ್ದರೆ? ಈ ಲೆಕ್ಕವನ್ನು ಎಷ್ಟು ಸಲ ಮಾಡಿದ್ದೀನೋ.

ಇನ್ನೂ ಒಂದಿದೆ. ಇದನ್ನು ನೀವು ಗಮನವಿಟ್ಟು ಓದಿ. ನಿಮ್ಮ ಕರಪತ್ರ ಕರೆಯುತ್ತಿರುವುದು ಯಾರನ್ನು? ಶುಗರ್, ಬಿಪಿ ಇದ್ದವರನ್ನು. ಕಿಡ್ನಿ ಹಾಳಾಗುವುದು ಹೆಚ್ಚಾಗಿ ಯಾರಿಗೆ? ಅದೇ ಶುಗರ್, ಬಿಪಿ ಇದ್ದವರಿಗೆ. ಅವರಲ್ಲಿ ಎಷ್ಟೋ ಜನಕ್ಕೆ ಕಿಡ್ನಿ ಸೋತಿರುವುದು ತಮಗೇ ಗೊತ್ತಿರುವುದಿಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಎನಲಾಪ್ರಿಲ್, ಟೆಲ್ಮಿಸಾರ್ಟನ್ ಥರದವು, ತಾವೇ ಪೊಟ್ಯಾಶಿಯಂ ಏರಿಸಬಲ್ಲವು. ಅಂದರೆ ನೂರು ಜನರಲ್ಲಿ ಈ ಜ್ಯೂಸ್ ಯಾರಿಗೆ ಆಗಿಬರದೋ ಅವರನ್ನೇ ಹುಡುಕಿ ಕರೆದಂತೆ ಆಗುತ್ತದೆ. ಆರೋಗ್ಯವಾಗಿರುವವರಿಗೆ ಸುಮ್ನೆ ಜ್ಯೂಸ್ ಅಂತ ಮಾರಿದ್ದರೆ ಮೇಷ್ಟ್ರು ಬಹುಶಃ ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ.

ಹಾಗಾಗಿ ಔಷಧವಾಗಿ ಪ್ರಚಾರ ಮಾಡೋದು ಹೇಗೆ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗೆ ಮಾಡಲೇಬಾರದು. ಎಚ್ಚರಿಕೆಯ ಮಾತು ಸೇರಿಸಿ, ಸಣ್ಣ ಅಕ್ಷರದಲ್ಲಿ ಡಾಕ್ಟರನ್ನು ಕೇಳಿ ಅಂತ ಬರೆದು ಮಾರಬಹುದಾ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಕೇಳಿದ್ದಾರೆ. ನನಗೆ ಅದೂ ಒಪ್ಪಿಗೆ ಇಲ್ಲ. ಮೇಲೆ ದಪ್ಪಕ್ಷರದಲ್ಲಿ ಶುಗರ್ ವಾಸಿ ಅಂತ ಬರೆದು ಕೆಳಗೆ ಸಣ್ಣಕ್ಷರದಲ್ಲಿ ಏನು ಬರೆದರೂ ಜನ ಓದುವುದು ಮೇಲಿನದನ್ನು. ಒಳ್ಳೆಯದಾಯಿತು ಅಂತ ಹೇಳಿದವರ ಮಾತು ಹಾಕಬಹುದಲ್ವಾ ಅಂತೀರೇನೋ. ನಾನೂ ಹಾಕಿದ್ದೆ, ಹನ್ನೊಂದು ಜನರದ್ದು. ಅವರೆಲ್ಲ ಮಾತ್ರೆಯನ್ನೂ ತಗೊಳ್ತಿದ್ದರು, ವಾಕಿಂಗನ್ನೂ ಮಾಡ್ತಿದ್ದರು. ಯಾವುದರಿಂದ ಏನಾಯಿತು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಈಗಲೂ ಜ್ಯೂಸ್ ಮಾಡ್ತೀನಿ. ನೋನಿ ಸ್ವಲ್ಪ, ಅನಾನಸ್ ಜಾಸ್ತಿ. ಲೇಬಲ್ ಮೇಲೆ ಯಾವ ಹಣ್ಣು ಎಷ್ಟು, ಯಾವ ದಿನ ತುಂಬಿದ್ದು, ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ ಅಂತ ಇದೆ. ಮುಂಭಾಗದಲ್ಲೇ, ಹಣ್ಣಿನ ಹೆಸರಿನಷ್ಟೇ ದಪ್ಪಕ್ಕೆ, 'ಕಿಡ್ನಿ ತೊಂದರೆ ಇದ್ದವರು ಕುಡಿಯಬೇಡಿ' ಅಂತ ಇದೆ. ಕಾಯಿಲೆಗಳ ಹೆಸರು ತೆಗೆದ ಮೇಲೆ ಮಾರಾಟ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅದು ಹಾಗೇ ಉಳಿದಿದೆ. ಇದರಲ್ಲೇ ಸಂಸಾರ ನಡೆಸುತ್ತೀನಿ ಅನ್ನುವ ಲೆಕ್ಕ ನಿಮ್ಮದಾಗಿದ್ದರೆ, ಮೂವತ್ತು ಜನಕ್ಕೆ ಕಾಯಿಲೆಯ ಮಾತೇ ಎತ್ತದೆ ಕುಡಿಸಿ ನೋಡಿ. ಎಷ್ಟು ಜನ ಇನ್ನೊಂದು ಲೋಟ ಕೇಳುತ್ತಾರೆ ಅಂತ ಎಣಿಸಿ. ಯಾರೂ ಕೇಳದಿದ್ದರೆ ಬೇರೆ ಹಣ್ಣು ನೋಡಿ.

ಕರಪತ್ರ ಸೋಮವಾರ ಅಚ್ಚಿಗೆ ಹೋಗುತ್ತದೆ ಅಂತ ಬರೆದಿದ್ದೀರಿ. ಇವತ್ತೇ ಪ್ರೆಸ್ಸಿಗೆ ಫೋನ್ ಮಾಡಿ ನಿಲ್ಲಿಸಿ. ಮುಂಗಡ ಕೊಟ್ಟಿದ್ದರೆ ಹೋಗಲಿ ಬಿಡಿ.